ಅತ್ತೆಯ ರಕ್ತ ಹೆಪ್ಪುಗಟ್ಟದೆ ಹೋದಾಗ

ಅತ್ತೆ ಈಗ ಮನೆಯಲ್ಲಿದ್ದಾರೆ. ಬೆರಳಿನ ಗಾಯ ಪೂರ್ತಿ ಒಣಗಿಲ್ಲ. ಆದರೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಹಾವು ಕಚ್ಚಿದ್ದನ್ನು ಕಂಬಳಿ ಹುಳ ಅಂದುಕೊಂಡು ಶುರುವಾದ ಈ ಆಸ್ಪತ್ರೆಯ ಓಡಾಟದಲ್ಲಿ ನಮಗೆ ಯಾರೂ ಮೊದಲೇ ಹೇಳದ ಸಂಗತಿಗಳು ತುಂಬಾ ಇದ್ದವು. ನೆನಪು ಹಸಿಯಾಗಿರುವಾಗಲೇ ಅವನ್ನು ಬರೆದಿಡುತ್ತಿದ್ದೇನೆ. ಕಾಸರಗೋಡಿನ ಕಡೆ ಅಡಿಕೆ, ತೆಂಗು, ರಬ್ಬರ್ ತೋಟ ಇರುವ ಯಾರಿಗೂ ನಾಳೆ ಇದೇ ಕಷ್ಟ ಬರಬಹುದು. ನಾನು ಡಾಕ್ಟರ್ ಅಲ್ಲ. ಡಾಕ್ಟರ್‌ಗಳು ನಮಗೆ ವಿವರಿಸಿದ್ದನ್ನು ಮತ್ತು ನಾವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ನಮ್ಮ ಮನೆ ಮುಳ್ಳೇರಿಯದಿಂದ ಒಳಗೆ. ಮಳೆ ಹಿಂದೆ ಸರಿದು ಅಡಿಕೆ ಬೀಳಲು ಶುರುವಾಗಿತ್ತು. ಸಂಜೆ ಅತ್ತೆ ಬಿದ್ದ ಅಡಿಕೆ ಹೆಕ್ಕಲು ಹೋಗಿದ್ದರು. ಕಣಿಯ ಪಕ್ಕ ಒಂದು ತೆಂಗಿನ ಮಡಲು ಬಿದ್ದು ಅಡಿಕೆಯೆಲ್ಲ ಅದರ ಕೆಳಗೆ ಸೇರಿಕೊಂಡಿತ್ತು. ಮಡಲು ಎಳೆದು ಕೈ ಹಾಕಿದ್ದಾರೆ. ಮೊಣಕೈವರೆಗೆ ಉರಿ, ತುರಿಕೆ. ಮಡಲಿನ ಗರಿಯ ಅಡಿಯಲ್ಲಿ ಕಂಬಳಿ ಹುಳಗಳು ಅಂಟಿಕೊಂಡಿದ್ದನ್ನು ಅವರೇ ನೋಡಿದ್ದರು. ಅಂಗಳಕ್ಕೆ ಬಂದವರೇ "ಕೂಸೇ, ಕಂಬಳಿ ಹುಳ ಮುಟ್ಟಿತು, ರಜ್ಜ ಸುಣ್ಣ ತಾ" ಅಂದರು. ನಮ್ಮ ಕಡೆ ಇದು ಯಾರಿಗೂ ಹೊಸದಲ್ಲ. ಸುಣ್ಣ ಹಚ್ಚಿದೆವು, ತುಳಸಿ ಅರೆದು ಹಾಕಿದೆವು. ಕೆಲಸಕ್ಕೆ ಬರುವ ಅಕ್ಕ ಪ್ಲಾಸ್ಟರ್ ಪಟ್ಟಿ ಅಂಟಿಸಿ ಎಳೆದು, ಚರ್ಮಕ್ಕೆ ಚುಚ್ಚಿಕೊಂಡ ರೋಮ ತೆಗೆದರು. ರೋಮ ತೆಗೆಯಲು ಅದು ಒಳ್ಳೆಯ ಉಪಾಯವೇ ಅಂತ ಆಮೇಲೆ ಡಾಕ್ಟರ್ ಕೂಡ ಹೇಳಿದರು.

ಮುಂಗೈಯ ಉರಿ ಕತ್ತಲಾಗುವ ಹೊತ್ತಿಗೆ ಕಡಿಮೆಯಾಯಿತು. ತೋರುಬೆರಳು ಮಾತ್ರ ಹಾಗಲ್ಲ. ಅದು ದಪ್ಪವಾಗುತ್ತಾ ಹೋಯಿತು, ನೋವು ಏರುತ್ತಾ ಹೋಯಿತು. ರಾತ್ರಿ ಊಟದ ಹೊತ್ತಿಗೆ ಬಾವು ಮಣಿಕಟ್ಟಿಗೆ ಬಂದಿತ್ತು, ಬಳೆ ಬಿಗಿಯಾಗಿತ್ತು. ಬಳೆ, ಉಂಗುರ ಏನಿದ್ದರೂ ಬಾವು ಶುರುವಾದ ಕೂಡಲೇ ತೆಗೆದುಬಿಡಿ. ಆಮೇಲೆ ತೆಗೆಯಲು ಆಗುವುದಿಲ್ಲ. ನಮಗೆ ಸೋಪು ನೀರು ಹಾಕಿ ಜಾರಿಸಬೇಕಾಯಿತು, ಅತ್ತೆ ಹಲ್ಲು ಕಚ್ಚಿ ಕೂತಿದ್ದರು.

ಪಕ್ಕದ ಮನೆಯ ಇಚ್ಚ ಆಟೋ ತೆಗೆದರು. ಹತ್ತಿರದ ಒಂದು ಚಿಕ್ಕ ಆಸ್ಪತ್ರೆಗೆ ಹೋದೆವು. ಅಲ್ಲಿ ಕೈ ನೋಡಿದರು, ತುರಿಕೆಯ ಗುಳ್ಳೆ ನೋಡಿದರು, ಕಂಬಳಿ ಹುಳದ ಅಲರ್ಜಿ ಅಂತ ಚೀಟಿಯಲ್ಲಿ ಬರೆದರು. ಸೊಂಟಕ್ಕೆ ಒಂದು ಇಂಜೆಕ್ಷನ್, ನೋವಿಗೆ ಮಾತ್ರೆ ಕೊಟ್ಟು ಕಳಿಸಿದರು. ಆ ಚೀಟಿಯಲ್ಲಿ ಬರೆದ ಎರಡು ಶಬ್ದ ಮುಂದೆ ನಮ್ಮನ್ನು ಎಷ್ಟು ಕಾಡಿತು ಅಂತ ಆಮೇಲೆ ಹೇಳುತ್ತೇನೆ.

ಬೆಳಿಗ್ಗೆ ಅತ್ತೆ ಹಲ್ಲುಜ್ಜಿ ಉಗುಳಿದಾಗ ನೀರು ಕೆಂಪಾಗಿತ್ತು. ವಸಡು ಒರಟಾಗಿ ಉಜ್ಜಿರಬೇಕು ಅಂದರು. ಬಾಯಿ ಮುಕ್ಕಳಿಸಿದರು, ಮತ್ತೆ ಕೆಂಪು, ಇನ್ನೊಮ್ಮೆ ಮುಕ್ಕಳಿಸಿದರೂ ಕೆಂಪು. ಸೀರೆ ಉಡಿಸುವಾಗ ನೋಡಿದೆ, ರಾತ್ರಿ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಅಂಗೈ ಅಗಲದ ಕಪ್ಪು ನೀಲಿ ಕಲೆ. ಬೆರಳ ತುದಿಯಲ್ಲಿ ಗುಳ್ಳೆ ಎದ್ದು ಅದರಿಂದ ತೆಳುವಾದ ರಕ್ತ ಒಸರುತ್ತಿತ್ತು. ಹತ್ತಿ ಒತ್ತಿ ಹಿಡಿದರೆ ಹತ್ತಿ ನೆನೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ನನಗೆ ಕೈಕಾಲು ತಣ್ಣಗಾಯಿತು. ನಮ್ಮನೆಯವರು ಕಾರು ತೆಗೆದರು. ಬೋವಿಕ್ಕಾನ, ಚೆರ್ಕಳ ದಾಟಿ ಕಾಸರಗೋಡಿಗೆ ಹೋಗುವವರೆಗೆ ನಾನು ಅತ್ತೆಯ ಕೈಯನ್ನು ನನ್ನ ಮಡಿಲಲ್ಲಿ ಅಲುಗದಂತೆ ಹಿಡಿದುಕೊಂಡಿದ್ದೆ.

ಅಲ್ಲಿನ ಸರ್ಕಾರಿ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, ತೆಂಕಣ ಕೇರಳದವರು. ಅವರ ಮಲಯಾಳ ಅತ್ತೆಗೆ ಅರ್ಧ ಅರ್ಥ ಆಗುತ್ತಿತ್ತು, ಉಳಿದದ್ದನ್ನು ನಾನು ಹೇಳುತ್ತಿದ್ದೆ. ಹಳೆಯ ಚೀಟಿ ನೋಡಿ ಅದನ್ನು ಬದಿಗಿಟ್ಟರು. ಟಾರ್ಚ್ ಹಾಕಿ ಮೊದಲು ಮುಂಗೈ ನೋಡಿದರು, ಆಮೇಲೆ ಬೆರಳು. ಮುಂಗೈಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಚದುರಿದ್ದವು. ಅದು ಹುಳ ಅಂದರು. ಬೆರಳಿನ ಗುಳ್ಳೆಯ ಪಕ್ಕ ಗುಂಡುಸೂಜಿ ಚುಚ್ಚಿದಂಥ ಎರಡು ತೂತು, ನಡುವೆ ಸ್ವಲ್ಪವೇ ಅಂತರ. "ಇದು ಬೇರೆ. ಇದು ಹಾವಿರಬಹುದು" ಅಂದರು. ಒಂದೇ ಕೈಗೆ, ಒಂದೇ ಹೊತ್ತಲ್ಲಿ, ಎರಡೂ ತಾಗಿದ್ದವು.

ಆಮೇಲೆ ಮಾಡಿದ ಪರೀಕ್ಷೆಯನ್ನು ನಾನು ಜೀವನದಲ್ಲಿ ಮರೆಯುವುದಿಲ್ಲ. ಅದಕ್ಕೆ ದೊಡ್ಡ ಯಂತ್ರ ಏನೂ ಬೇಡ. ರಕ್ತನಾಳದಿಂದ ಎರಡು ಮಿಲಿಲೀಟರ್ ರಕ್ತ ತೆಗೆದು ಹೊಸ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತಾರೆ. ಟ್ಯೂಬ್ ಗಾಜಿನದ್ದೇ ಆಗಬೇಕು, ಒಣಗಿರಬೇಕು, ಸೋಪಿನಲ್ಲಿ ತೊಳೆದದ್ದು ಆಗಬಾರದು. ಇಲ್ಲದಿದ್ದರೆ ಫಲಿತಾಂಶ ತಪ್ಪುತ್ತದೆ. 20 ನಿಮಿಷ ಆದ ಮೇಲೆ ಒಮ್ಮೆ ಮಾತ್ರ ವಾಲಿಸಿ ನೋಡುತ್ತಾರೆ. ಸರಿಯಿದ್ದರೆ ರಕ್ತ ಗಟ್ಟಿಯಾಗಿ ತಳದಲ್ಲೇ ಕೂತಿರುತ್ತದೆ. ಸಿಸ್ಟರ್ ಮೇಜಿನ ತುದಿಯಲ್ಲಿ ಟ್ಯೂಬ್ ನಿಲ್ಲಿಸಿ ಗಡಿಯಾರ ನೋಡಿ ಸಮಯ ಬರೆದುಕೊಂಡರು. ನಾನು ಎದುರಿಗೇ ನಿಂತಿದ್ದೆ. ಹೊತ್ತಾದ ಮೇಲೆ ಡಾಕ್ಟರ್ ಬಂದು ಟ್ಯೂಬನ್ನು ಮೆಲ್ಲಗೆ ಅಡ್ಡ ಮಾಡಿದರು. ರಕ್ತ ಪುನರ್ಪುಳಿ ಶರಬತ್ತಿನ ಹಾಗೆ ಸಲೀಸಾಗಿ ಬಾಯಿವರೆಗೆ ಹರಿದು ಬಂತು. ಒಂದು ಚೂರೂ ಹೆಪ್ಪು ಇರಲಿಲ್ಲ.

ಲ್ಯಾಬಿನಿಂದ ಐಎನ್‌ಆರ್ ವರದಿಯೂ ಬಂತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಂಕಿ ಅದು. ಮಾಮೂಲಿ ಜನರಲ್ಲಿ ಅದು ಒಂದರ ಆಸುಪಾಸು ಇರುತ್ತದೆ. ಅತ್ತೆಯದ್ದು ಲ್ಯಾಬಿನ ಯಂತ್ರ ಅಳೆಯುವ ಮಿತಿಯನ್ನೇ ದಾಟಿತ್ತು.

ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ ಅಂತ ಡಾಕ್ಟರ್ ಹೇಳಿದ್ದು ಹೀಗೆ. ನಮ್ಮ ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನುಗಳು ಇವೆ. ಗಾಯ ಆದಾಗ ಮಾತ್ರ ಅವು ಕೆಲಸಕ್ಕೆ ಇಳಿಯಬೇಕು. ಮಂಡಲದ ಜಾತಿಯ ಹಾವುಗಳ ವಿಷ ಗಾಯವಿಲ್ಲದ ಕಡೆಯೂ ಅವನ್ನು ಸುಮ್ಮನೆ ಕೆಲಸಕ್ಕೆ ಹಚ್ಚುತ್ತದೆ. ಮೈಯೆಲ್ಲ ಅವು ಖರ್ಚಾಗಿ ಹೋಗುತ್ತವೆ. ಫೈಬ್ರಿನೋಜನ್ ಅನ್ನುವ ಮುಖ್ಯ ಪ್ರೋಟೀನು ತಳ ಕಾಣುತ್ತದೆ. ಆಮೇಲೆ ನಿಜವಾಗಿ ರಕ್ತ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ವಸಡು, ಮೂತ್ರ, ಸೂಜಿ ಚುಚ್ಚಿದ ಜಾಗ, ಎಲ್ಲಿಂದಲೂ ರಕ್ತ ಬರಬಹುದು. ಮೆದುಳಿನಲ್ಲಿ ಬಂದರೆ ಜೀವಕ್ಕೇ ಅಪಾಯ.

ಇಲ್ಲಿ ಒಂದು ಮಾತು. ರಕ್ತ ನಿಲ್ಲದ ಸಂಶಯ ಇದ್ದರೆ ಸೊಂಟಕ್ಕೋ ತೋಳಿಗೋ ಮಾಂಸಖಂಡದ ಇಂಜೆಕ್ಷನ್ ಕೊಡಬಾರದು. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಯೂ ಬೇಡ. ಕಚ್ಚಿದ ಜಾಗ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಮಾಡಬೇಡಿ. ಕೊಯ್ದರೆ ಆ ರಕ್ತ ನಿಲ್ಲುವುದೇ ಇಲ್ಲ.

ಹಾವು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟದ್ದರಿಂದ ಕೊಳಕುಮಂಡಲ ಇರಬಹುದು ಅಂತ ಆ್ಯಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಶುರು ಮಾಡಿದರು. ಸರ್ಕಾರಿ ಆಸ್ಪತ್ರೆಯಾದ್ದರಿಂದ ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲ ಸುತ್ತು ಹತ್ತು ಸೀಸೆ, ಡ್ರಿಪ್‌ನಲ್ಲಿ. ಅರ್ಧ ಹೋಗುವಾಗ ಅತ್ತೆಗೆ ಚಳಿ, ನಡುಕ, ಮೈಯೆಲ್ಲ ದದ್ದು. ಸಿಸ್ಟರ್ ತಕ್ಷಣ ಡ್ರಿಪ್ ನಿಲ್ಲಿಸಿ ಬೇರೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಶಾಂತವಾದ ಮೇಲೆ ನಿಧಾನವಾಗಿ ಮತ್ತೆ ಬಿಟ್ಟರು. ಇದು ಆಗಾಗ ಆಗುವುದೇ. ಕುದುರೆಗಳ ರಕ್ತದಿಂದ ಮಾಡಿದ ಮದ್ದು ಅದು, ನಮ್ಮ ಮೈ ಅದನ್ನು ಹೊರಗಿನದ್ದು ಅಂತ ಗುರುತಿಸುತ್ತದೆ. ಅದಕ್ಕೇ ಇದನ್ನು ಆಸ್ಪತ್ರೆಯಲ್ಲೇ, ತುರ್ತು ಮದ್ದು ಕೈಗೆಟುಕುವಲ್ಲಿ ಇಟ್ಟುಕೊಂಡು ಕೊಡುತ್ತಾರೆ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬಿನ ಪರೀಕ್ಷೆ ಮಾಡಿದರು. ರಕ್ತ ಮತ್ತೆ ಹರಿಯಿತು.

ಆ ಆರು ಗಂಟೆಯಲ್ಲಿ ನಮ್ಮ ಮೊಬೈಲ್ ಬಿಡುವಿಲ್ಲದೆ ರಿಂಗಾಗುತ್ತಿತ್ತು. ಬೆಂಗಳೂರಿನಲ್ಲಿರುವ ಮೈದುನ, ಕಂಬಳಿ ಹುಳ ಮುಟ್ಟಿದರೂ ರಕ್ತ ಹೆಪ್ಪುಗಟ್ಟದೆ ಜನ ಸಾಯುತ್ತಾರೆ ಅಂತ ಎಲ್ಲಿಂದಲೋ ಸಿಕ್ಕಿದ್ದನ್ನು ಕಳಿಸಿದ. ನಾನು ಅದನ್ನು ಓದಿ ಹೆದರಿ ಡಾಕ್ಟರ್‌ಗೆ ತೋರಿಸಿದೆ. ಅವರು ಬೇಸರ ಮಾಡಲಿಲ್ಲ. ಅದು ಸುಳ್ಳಲ್ಲ, ಆದರೆ ಆ ಹುಳ ಇಲ್ಲಿಯದ್ದಲ್ಲ ಅಂತ ವಿವರಿಸಿದರು. ಲೊನೋಮಿಯಾ ಅಂತ ಅದರ ಹೆಸರು. ದಕ್ಷಿಣ ಅಮೆರಿಕದ್ದು. ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ, ವೆನೆಜುವೆಲಾದಲ್ಲಿ ಅದರಿಂದ ಜನ ಸತ್ತದ್ದಿದೆ. ಹಗಲು ಹೊತ್ತು ನೂರಾರು ಹುಳ ಒಟ್ಟಾಗಿ ಮರದ ಕಾಂಡಕ್ಕೆ ಅಂಟಿಕೊಂಡಿರುತ್ತವೆ, ತೊಗಟೆಯ ಬಣ್ಣಕ್ಕೇ ಸೇರಿಹೋಗಿರುತ್ತವೆ. ಯಾರೋ ಮರಕ್ಕೆ ಒರಗಿದರೆ, ಕೈ ಊರಿದರೆ ಒಮ್ಮೆಗೇ ಎಷ್ಟೋ ಮುಳ್ಳು ಚುಚ್ಚುತ್ತವೆ. ಆ ವಿಷವೂ ಮಾಡುವುದು ಇದೇ ಕೆಲಸ. ಹೆಪ್ಪು ಕಟ್ಟಿಸುವ ಪ್ರೋಟೀನುಗಳನ್ನು ಎಬ್ಬಿಸಿ ಖರ್ಚು ಮಾಡಿ ಮುಗಿಸುತ್ತದೆ. ಮೊದಲು ಉರಿ, ತಲೆನೋವು. ಕೆಲವು ಗಂಟೆ ಬಿಟ್ಟು, ಕೆಲವರಿಗೆ ಒಂದೆರಡು ದಿನ ಬಿಟ್ಟು ರಕ್ತಸ್ರಾವ. ಕಿಡ್ನಿ ಹಾಳಾಗುವುದೂ ಇದೆ. ರೋಗಿ ಮನೆಗೆ ಹೋಗಿ ಮಲಗಿದ ಮೇಲೆ ತೊಂದರೆ ಶುರುವಾಗುವುದರಿಂದಲೇ ಅಲ್ಲಿ ಅಷ್ಟು ಸಾವು ಆಗುತ್ತಿತ್ತಂತೆ.

ನಮ್ಮ ಕಡೆಯ ಕಂಬಳಿ ಹುಳ ಚರ್ಮಕ್ಕೆ ಉರಿ, ತುರಿಕೆ, ಬಾವು ತರುತ್ತದೆ. ರೋಮ ಕಣ್ಣಿಗೆ ಹೋದರೆ ಅಪಾಯ, ಕೆಲವರಿಗೆ ಅಲರ್ಜಿಯಿಂದ ಉಸಿರು ಕಟ್ಟಬಹುದು. ಆದರೆ ಇಲ್ಲಿ ಹುಳ ಮುಟ್ಟಿತು ಅನ್ನುವವರ ರಕ್ತ ಹೆಪ್ಪುಗಟ್ಟದಿದ್ದರೆ ಮೊದಲು ಹಾವನ್ನೇ ಸಂಶಯಪಡಬೇಕು ಅಂದರು. ಈ ಮಾತು ಯಾರಾದರೂ ಹಿಂದಿನ ರಾತ್ರಿಯೇ ಹೇಳಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ಮನೆಯಿಂದ ಒಂದು ಫೋಟೋ ಬಂತು. ಕೆಲಸದ ಅಕ್ಕನ ಮಗ ಉದ್ದದ ದೋಟಿಯಿಂದ ಆ ಮಡಲನ್ನು ದೂರದಿಂದಲೇ ಸರಿಸಿದ್ದ. ಕೆಳಗಿನ ಒಣ ತರಗೆಲೆಯ ನಡುವೆ ಒಂದು ಸಣ್ಣ ಹಾವು ಸುರುಳಿ ಸುತ್ತಿ ಕೂತಿತ್ತು. ಜಾಸ್ತಿ ಅಂದರೆ ಒಂದು ಮೊಳ ಉದ್ದ. ತರಗೆಲೆಯದ್ದೇ ಕಂದು ಬಣ್ಣ, ಬೆನ್ನ ಮೇಲೆ ಕಪ್ಪು ತ್ರಿಕೋನದ ಗುರುತು, ಮೂಗಿನ ತುದಿ ಮೇಲಕ್ಕೆ ಎದ್ದಿತ್ತು. ಅವನು ಅದನ್ನು ಕೊಲ್ಲಲಿಲ್ಲ, ಹತ್ತಿರವೂ ಹೋಗಲಿಲ್ಲ, ಝೂಮ್ ಮಾಡಿ ಫೋಟೋ ತೆಗೆದ. ಆಮೇಲೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್ ಮೂಲಕ ಹಾವು ಹಿಡಿಯುವ ತರಬೇತಿ ಪಡೆದವರನ್ನು ಕರೆಸಿದೆವು. ಅವರು ನೋಡಿದ ಕೂಡಲೇ ಮಲಯಾಳದಲ್ಲಿ ಮುಳಮೂಕ್ಕನ್ ಕುಳಿಮಂಡಲಿ ಅಂದರು. ಕನ್ನಡದಲ್ಲಿ ಉಬ್ಬುಮೂಗಿನ ಗುಳಿಮಂಡಲ ಅನ್ನಬಹುದು. ಪಶ್ಚಿಮ ಘಟ್ಟದ ಆಸುಪಾಸು ಮತ್ತು ಶ್ರೀಲಂಕಾದಲ್ಲಿ ಇರುವ ಹಾವು. ಹಿಂದೆ ಇದರ ಕಡಿತ ಅಷ್ಟು ಗಂಭೀರ ಅಲ್ಲ ಅಂತಲೇ ನಂಬಿಕೆ ಇತ್ತು. 2007ರಲ್ಲಿ ಕೇರಳದ ವೈದ್ಯರು ಇದರಿಂದ ಜೀವಕ್ಕೆ ಅಪಾಯವಾದ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಆ ನಂಬಿಕೆ ಬದಲಾಯಿತು.

ಫೋಟೋ ನೋಡಿ ಡಾಕ್ಟರ್ ಮುಖ ಗಂಭೀರವಾಯಿತು. ನಮ್ಮ ದೇಶದ ಆ್ಯಂಟಿವೆನಮ್ ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಗುಳಿಮಂಡಲ ಅದರಲ್ಲಿ ಇಲ್ಲ. ಕೊಟ್ಟ ಮದ್ದು ಈ ವಿಷಕ್ಕೆ ತಾಗುವುದಿಲ್ಲ, ಇನ್ನೂ ಕೊಟ್ಟರೆ ಅಲರ್ಜಿಯ ಅಪಾಯ ಮಾತ್ರ ಜಾಸ್ತಿ. ಎರಡನೇ ಸುತ್ತು ನಿಲ್ಲಿಸಿದರು.

ಬ್ರೆಜಿಲ್‌ನ ಆ ಹುಳಕ್ಕೆ ಸಾವೊ ಪಾಲೊದ ಬುಟಾಂಟಾನ್ ಸಂಸ್ಥೆ 1990ರ ದಶಕದಲ್ಲೇ ಪ್ರತ್ಯೇಕ ಮದ್ದು ಮಾಡಿತು. ಅಲ್ಲಿನ ರೈತರಿಗೆ ಹುಳ ಚುಚ್ಚಿದರೆ ಈಗ ಅದನ್ನು ಕೊಡುತ್ತಾರೆ. ಒಂದು ಹುಳಕ್ಕೆ! ನಮ್ಮ ಅಡಿಕೆ ತೋಟದಲ್ಲಿ, ರಬ್ಬರ್ ತೋಟದಲ್ಲಿ, ಚಹಾ ಕಾಫಿ ತೋಟದಲ್ಲಿ ದಿನಾ ಕೆಲಸ ಮಾಡುವವರ ಕೈಕಾಲಿಗೆ ಕಚ್ಚುವ ಹಾವಿಗೆ ನಮ್ಮಲ್ಲಿ ಮದ್ದಿಲ್ಲ. ಈ ಮಾತು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಹೆಚ್ಚಿನ ಕಡಿತಗಳಲ್ಲಿ ಬಾವು ಬಂದು ಗುಣವಾಗುತ್ತದೆ ಅನ್ನುವುದು ನಿಜ. ಆದರೆ ಗುಣವಾಗದ ಆ ಕೆಲವರಲ್ಲಿ ನಮ್ಮ ಮನೆಯವರು ಇರುವಾಗ ಲೆಕ್ಕ ಯಾರಿಗೆ ಬೇಕು?

ಪ್ಲಾಸ್ಮಾ ಬೇಕಾಗಬಹುದು, ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಇರುವ ಕಡೆ ಇರುವುದು ಒಳ್ಳೆಯದು ಅಂದರು. ರಾತ್ರಿಯೇ ಮಂಗಳೂರಿಗೆ ಹೊರಟೆವು. ಆಂಬುಲೆನ್ಸ್ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ತಲಪಾಡಿಗೆ ಬಂದಾಗ ನನ್ನ ಎದೆ ಹೊಡೆದುಕೊಂಡಿತು. 2020ರ ಕೊರೊನಾ ಕಾಲದಲ್ಲಿ ಇದೇ ಗಡಿಯಲ್ಲಿ ರಸ್ತೆ ಮುಚ್ಚಿದ್ದರು. ಮಂಗಳೂರನ್ನೇ ನಂಬಿಕೊಂಡ ನಮ್ಮ ಕಡೆಯ ರೋಗಿಗಳು ದಾಟಲಾಗದೆ ಹೋದರು. ಈಗ ತಡೆ ಏನೂ ಇಲ್ಲ, ಆಂಬುಲೆನ್ಸ್ ನಿಲ್ಲಲೂ ಇಲ್ಲ. ಆದರೂ ಕಾಸರಗೋಡಿನವರಿಗೆ ಆ ಜಾಗ ಬಂದಾಗ ಅದು ನೆನಪಾಗದೆ ಇರುವುದಿಲ್ಲ.

ಗಡಿ ದಾಟುವ ಮೊದಲು ನೀವು ಕೇಳಿಕೊಳ್ಳಬೇಕಾದದ್ದು ಇದೆ. ಕೇರಳದ ಕಾರುಣ್ಯ ಆರೋಗ್ಯ ಕಾರ್ಡ್ ಇದ್ದರೆ, ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿ. ನಾವು ಹೋದಲ್ಲಿ ನಡೆಯಲಿಲ್ಲ, ಮುಂಗಡ ಕಟ್ಟಿಯೇ ಸೇರಿಸಬೇಕಾಯಿತು. ಮೊದಲ ಆಸ್ಪತ್ರೆಯಿಂದ ರೆಫರ್ ಪತ್ರ ಮಾತ್ರ ಅಲ್ಲ, ಎಷ್ಟು ಸೀಸೆ ಆ್ಯಂಟಿವೆನಮ್ ಯಾವ ಹೊತ್ತಿಗೆ ಕೊಟ್ಟರು, ರಕ್ತದ ಪರೀಕ್ಷೆ ಯಾವ ಯಾವ ಹೊತ್ತಿಗೆ ಮಾಡಿದರು ಅನ್ನುವುದನ್ನೂ ಬರೆಸಿಕೊಳ್ಳಿ. ಮಂಗಳೂರಿನಲ್ಲಿ ಮೊದಲು ಕೇಳಿದ್ದೇ ಅದು. ಆಧಾರ್, ರೇಷನ್ ಕಾರ್ಡ್, ಹಳೆಯ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುವಾಗುವ ಮಾತ್ರೆ ಮೊದಲೇ ತೆಗೆದುಕೊಳ್ಳುವವರಾದರೆ ಅದನ್ನು ಎಲ್ಲರಿಗಿಂತ ಮೊದಲು ಹೇಳಿ.

ಐಸಿಯುವಿಗೆ ಹಾಕಿದರು. ಪ್ಲಾಸ್ಮಾ ಅಂದರೆ ದಾನಿಗಳ ರಕ್ತದಿಂದ ಬೇರ್ಪಡಿಸಿ ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ ಇಟ್ಟ ಹಳದಿ ದ್ರವ. ಅದರಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನುಗಳು ಇರುತ್ತವೆ. ಐಸಿಯು ಡಾಕ್ಟರ್ ಬರೆದ ಅರ್ಜಿ ಮತ್ತು ರೋಗಿಯ ರಕ್ತದ ಸ್ಯಾಂಪಲ್ ಹಿಡಿದು ನಾವೇ ರಕ್ತನಿಧಿಗೆ ಹೋಗಬೇಕು. ಅರ್ಜಿಯಲ್ಲಿ ಹೆಸರು, ಆಸ್ಪತ್ರೆ ನಂಬರ್, ರಕ್ತದ ಗುಂಪು ಎಲ್ಲ ಸ್ಯಾಂಪಲ್ ಮೇಲಿನದ್ದಕ್ಕೆ ಸರಿಯಾಗಿ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ವಾಪಸ್ ಕಳಿಸುತ್ತಾರೆ, ಅದು ರೋಗಿಯ ಒಳ್ಳೆಯದಕ್ಕೇ. ಪ್ಲಾಸ್ಮಾ ಕರಗಿಸಲು ಅರ್ಧ ಗಂಟೆಯ ಮೇಲೆ ಹಿಡಿಯಿತು. ಕರಗಿಸಿದ್ದನ್ನು ಬೇಗ ಏರಿಸಬೇಕು, ಮತ್ತೆ ಕೊಡಲು ಆಗುವುದಿಲ್ಲ. ಹಾಗಾಗಿ ಐಸಿಯುವಿನಲ್ಲಿ ತಯಾರಿದ್ದಾರೆ ಅಂತ ಖಚಿತ ಮಾಡಿಕೊಂಡೇ ಕರಗಿಸಲು ಹೇಳಿ. ಬದಲಿಗೆ ರಕ್ತ ಕೊಡಲು ಜನ ಬೇಕು ಅಂದಾಗ ಊರಿನ ಯುವಕ ಮಂಡಲದ ಹುಡುಗರು ಬೆಳಿಗ್ಗೆಯ ಬಸ್ಸಿಗೇ ಬಂದರು. ಅಡಿಕೆ ಕೊಯ್ಲಿನ ದಿನಗೂಲಿ ಬಿಟ್ಟು ಬಂದಿದ್ದರು. ಆ ಋಣ ದೊಡ್ಡದು.

ಪ್ಲಾಸ್ಮಾ ಏರಿಸಿದ ಮೇಲೆ ಐಎನ್‌ಆರ್ ಇಳಿಯಿತು, ಎಲ್ಲರಿಗೂ ಉಸಿರು ಬಂತು. ಮರುದಿನ ಮತ್ತೆ ಏರಿತು. ನಾವು ಕುಸಿದುಹೋದೆವು. ವಿಷ ಮೈಯಲ್ಲಿ ಇನ್ನೂ ಇದ್ದರೆ ಹೊಸದಾಗಿ ಕೊಟ್ಟದ್ದನ್ನೂ ಖರ್ಚು ಮಾಡುತ್ತದೆ, ಹೆದರಬೇಡಿ, ಇದು ಏರಿಳಿಯುತ್ತದೆ ಅಂತ ಅಲ್ಲಿನ ಹಿರಿಯ ಡಾಕ್ಟರ್ ಸಮಾಧಾನ ಹೇಳಿದರು. ಅವರೇ ಇನ್ನೊಂದು ಮಾತು ಹೇಳಿದರು. ಗುಳಿಮಂಡಲದ ಕಡಿತದಲ್ಲಿ ಕೆಲವೊಮ್ಮೆ ಗಾಜಿನ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕಂಡರೂ ಲ್ಯಾಬಿನ ಐಎನ್‌ಆರ್ ಕೆಟ್ಟಿರುತ್ತದೆ. ಮೊದಲ ಪರೀಕ್ಷೆ ಸರಿ ಬಂತು ಅಂತ ಮನೆಗೆ ಹೋಗುವ ಹಾಗಿಲ್ಲ. ಮತ್ತೆ ಮತ್ತೆ ನೋಡಬೇಕು, ಕಡಿಮೆ ಅಂದರೆ ಒಂದು ದಿನ ಆಸ್ಪತ್ರೆಯಲ್ಲೇ ಇರಬೇಕು.

ಕಿಡ್ನಿಯ ಭಯ ಬೇರೆ ಇತ್ತು. ಮೂತ್ರದ ಚೀಲದಲ್ಲಿ ಬಣ್ಣ ಕೆಂಪು ಕಂದು, ಅಳತೆ ಕಡಿಮೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎರಡು ದಾಟಿತು. ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಇಳಿಯಿತು. ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚೂರಾದ ಕೆಂಪು ಕಣಗಳು ಇವೆಯಾ ಅಂತ ದಿನಾ ಪರೀಕ್ಷೆ ಮಾಡುತ್ತಿದ್ದರು. ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿ ಕಿಡ್ನಿ ಹಾಳಾಗುವ ತೊಂದರೆ ಈ ಹಾವಿನ ಕಡಿತದಲ್ಲಿ ಆಗುವುದಿದೆಯಂತೆ. ಒಂದು ಕಡೆ ರಕ್ತ ನಿಲ್ಲುವುದಿಲ್ಲ, ಇನ್ನೊಂದು ಕಡೆ ಬೇಡದಲ್ಲಿ ಹೆಪ್ಪು. ನನಗೆ ಇದು ಅರ್ಥವಾಗಲು ಎರಡು ಸಲ ಕೇಳಬೇಕಾಯಿತು, ಅವರು ಎರಡು ಸಲವೂ ತಾಳ್ಮೆಯಿಂದ ಹೇಳಿದರು. ಡಯಾಲಿಸಿಸ್ ಒಪ್ಪಿಗೆ ಪತ್ರಕ್ಕೆ ನಮ್ಮನೆಯವರು ಸಹಿ ಹಾಕಿದರು. ಆ ರಾತ್ರಿ ಮಾವ ಹೊರಗಿನ ಬೆಂಚಿನಲ್ಲಿ ಕೂತು ಯಾರ ಹತ್ತಿರವೂ ಮಾತಾಡಲಿಲ್ಲ. ಪುಣ್ಯಕ್ಕೆ ಡಯಾಲಿಸಿಸ್ ಬೇಕಾಗಲಿಲ್ಲ. ಮೂತ್ರದ ಅಳತೆ ಏರಿತು, ಕ್ರಿಯಾಟಿನಿನ್ ನಿಂತು ಮೆಲ್ಲಗೆ ಇಳಿಯಿತು. ಐಎನ್‌ಆರ್ ಒಂದೂವರೆಯ ಕೆಳಗೆ ಬಂದ ದಿನ ವಾರ್ಡಿಗೆ ಬಿಟ್ಟರು.

ಖರ್ಚಿನ ವಿಷಯ ಕೇಳುವವರಿಗೆ: ಒಟ್ಟು ಬಿಲ್ ಲಕ್ಷ ದಾಟಿತು. ಪ್ಲಾಸ್ಮಾಕ್ಕೆ ಕೊಟ್ಟದ್ದು ಅದರಲ್ಲಿ ಸಣ್ಣ ಪಾಲು. ಐಸಿಯು ಬಾಡಿಗೆ ಮತ್ತು ದಿನಕ್ಕೆ ಎರಡು ಮೂರು ಸಲದ ರಕ್ತ ಪರೀಕ್ಷೆಯೇ ಹೆಚ್ಚು ತಿಂದದ್ದು. ಸೊಸೈಟಿಯಲ್ಲಿ ಚಿನ್ನ ಇಟ್ಟೆವು. ಮುಂಗಡ ಕಟ್ಟುವಾಗ ದಿನದಿನದ ಲೆಕ್ಕ ಬರೆದುಕೊಡಿ ಅಂತ ಕೇಳಿದರೆ ಕೊಡುತ್ತಾರೆ, ಕೇಳಿ.

ಈಗ ಆ ಚೀಟಿಯ ಕಥೆ. ಮೊದಲ ಆಸ್ಪತ್ರೆಯಲ್ಲಿ ಬರೆದ ಕಂಬಳಿ ಹುಳ ಅನ್ನುವುದು ಫೈಲಿನ ಜೊತೆ ಮಂಗಳೂರಿಗೂ ಬಂದಿತ್ತು. ಬಿಡುಗಡೆಯ ಪತ್ರದಲ್ಲಿ ಯಾರೋ ಅದನ್ನೇ ನಕಲು ಮಾಡಿ, ಹುಳದ ಅಲರ್ಜಿ, ಜೊತೆಗೆ ಗುರುತಿಲ್ಲದ ಕಡಿತ ಅಂತ ಬರೆದಿದ್ದರು. ಅರಣ್ಯ ಇಲಾಖೆಯಿಂದ ಹಾವು ಕಡಿತದ ಚಿಕಿತ್ಸೆಗೆ ನೆರವು ಸಿಗುತ್ತದೆ ಅಂತ, ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋದಾಗ, ಇದರಲ್ಲಿ ಹಾವು ಎಲ್ಲಿದೆ ಅಂತ ಕೇಳಿದರು. ಮತ್ತೆ ಮಂಗಳೂರಿಗೆ ಹೋಗಿ, ಫೋಟೋ ತೋರಿಸಿ, ಹಾವು ಗುರುತಿಸಿದವರ ಮಾತು ಕೊಟ್ಟು, ಡಾಕ್ಟರ್ ಸಹಿ ಮೊಹರು ಹಾಕಿ ತಿದ್ದಿಸಿಕೊಂಡು ಬರಬೇಕಾಯಿತು. ನೀವು ಆಸ್ಪತ್ರೆ ಬಿಡುವ ಮೊದಲೇ ಆ ಪತ್ರವನ್ನು ಪೂರ್ತಿ ಓದಿ. ಇಂಗ್ಲಿಷ್ ಬಾರದಿದ್ದರೆ ಸಿಸ್ಟರ್ ಹತ್ತಿರ ಓದಿಸಿ. ಹಾವು ಕಡಿತ ಅನ್ನುವುದು ಅದರಲ್ಲಿ ಇರಬೇಕು. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ಅತ್ತೆಯ ಇನಿಷಿಯಲ್ ಪಾಸ್‌ಬುಕ್ಕಿನಲ್ಲಿ ಹಿಂದೆ, ಆಸ್ಪತ್ರೆಯಲ್ಲಿ ಮುಂದೆ. ಅದಕ್ಕೊಂದು ಪ್ರತ್ಯೇಕ ದೃಢೀಕರಣ ಬೇಕಾಯಿತು. ಹಾವು ಕಡಿತ ಅಂದರೆ ಕೆಲವು ಆಸ್ಪತ್ರೆಗಳು ಪೊಲೀಸರಿಗೂ ತಿಳಿಸುತ್ತವೆ, ಗಾಬರಿ ಬೇಡ, ಆ ದಾಖಲೆಯ ಪ್ರತಿ ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಅರ್ಜಿಯ ಜೊತೆ ಕೊಡಬೇಕಾದ ಹೇಳಿಕೆ ಮಲಯಾಳದಲ್ಲಿ ಇತ್ತು. ಅತ್ತೆ ಕನ್ನಡ ಮಾತ್ರ ಓದಬಲ್ಲರು. ತನಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂತ ಅವರು ಹಟ ಹಿಡಿದರು, ನನಗೆ ಅದು ಸರಿ ಅನಿಸಿತು. ಕಾಸರಗೋಡಿನಲ್ಲಿ ಕನ್ನಡದವರು ಭಾಷಾ ಅಲ್ಪಸಂಖ್ಯಾತರು, ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗಿದೆ. ನಾನು ಕನ್ನಡದಲ್ಲೇ ಹೇಳಿಕೆ ಬರೆದು ಕೊಟ್ಟೆ. ಕೌಂಟರಿನಲ್ಲಿ ಸ್ವಲ್ಪ ಹೊತ್ತು ಮಾತಾಯಿತು, ಕೊನೆಗೆ ತೆಗೆದುಕೊಂಡರು. ನೀವೂ ಕೇಳಿ ನೋಡಿ, ಹಿಂಜರಿಯಬೇಡಿ.

ಮನೆಗೆ ಬಂದು ಎಲ್ಲ ಸರಿಯಾಯಿತು ಅಂದುಕೊಳ್ಳುವಾಗ ಅತ್ತೆಗೆ ಜ್ವರ ಬಂತು. ಗಂಟುಗಂಟಿನಲ್ಲಿ ನೋವು, ಮೈಮೇಲೆ ಮತ್ತೆ ದದ್ದು. ವಿಷ ಮರುಕಳಿಸಿತು ಅಂತ ಮಾವ ಹೆದರಿ ಅತ್ತುಬಿಟ್ಟರು. ಅದು ವಿಷವಲ್ಲ. ಆ್ಯಂಟಿವೆನಮ್ ತೆಗೆದುಕೊಂಡ ಒಂದೆರಡು ವಾರದಲ್ಲಿ ಕೆಲವರಿಗೆ ಹೀಗಾಗುತ್ತದೆ, ಸೀರಮ್ ಸಿಕ್‌ನೆಸ್ ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿ ಐಎನ್‌ಆರ್ ಸರಿಯಿದೆ ಅಂತ ನೋಡಿ, ಕೆಲವು ದಿನಕ್ಕೆ ಸ್ಟಿರಾಯ್ಡ್ ಮಾತ್ರೆ ಕೊಟ್ಟರು, ಇಳಿಯಿತು. ಬಿಡುಗಡೆಯಾಗುವಾಗ ಇದರ ಬಗ್ಗೆ ಒಂದು ಮಾತು ಹೇಳಿದ್ದರೆ ಆ ರಾತ್ರಿ ಅಷ್ಟು ಭಯಪಡಬೇಕಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆರಳ ತುದಿಯ ಚರ್ಮ ಕಪ್ಪಾಗಿ ಸತ್ತುಹೋಗಿತ್ತು. ರಕ್ತ ಸರಿಯಾಗಿ ಹೆಪ್ಪುಗಟ್ಟಲು ಶುರುವಾದ ಮೇಲೆಯೇ ಸರ್ಜನ್ ಅದನ್ನು ಬಿಡಿಸಿದರು. ಈಗ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಇದೆ, ಹಲ್ಲುಜ್ಜಲು ಮೆತ್ತನೆಯ ಬ್ರಶ್. ತೋಟಕ್ಕೆ ಹೋಗುವವರಿಗೆಲ್ಲ ಗಂಬೂಟು, ದಪ್ಪ ಕೈಗವಸು ತಂದಿದ್ದೇವೆ. ಬಿದ್ದ ಮಡಲು, ಸೋಗೆ ಯಾವುದನ್ನೂ ಕೋಲಿನಿಂದ ಸರಿಸದೆ ಕೈ ಹಾಕಬಾರದು ಅಂತ ಕೆಲಸದವರಿಗೂ ಹೇಳಿದ್ದೇವೆ. ಹೆಕ್ಕುವ ಕೆಲಸ ಕತ್ತಲಾಗುವ ಮೊದಲೇ ಮುಗಿಸುತ್ತೇವೆ. ಕ್ರಿಯಾಟಿನಿನ್ ಮುಂದಿನ ತಿಂಗಳು ಮತ್ತೆ ನೋಡಿಸಬೇಕು. ಕಿಡ್ನಿಗೆ ಪೆಟ್ಟಾದವರು ಮೂರು ತಿಂಗಳಾದರೂ ಬಿಡದೆ ನೋಡಿಸಿಕೊಳ್ಳಿ ಅಂದಿದ್ದಾರೆ. ಅರಣ್ಯ ಇಲಾಖೆಯ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ರಶೀದಿ ಮತ್ತು ಎಲ್ಲ ಬಿಲ್ಲುಗಳ ನಕಲು ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ. ಮೂಲ ಬಿಲ್ ಕೊಡುವಾಗ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ, ಎರಡನೇ ಸಲ ಕೇಳುತ್ತಾರೆ.